ಕ್ರೋಮ್ ತೆರೆದ ಕೂಡಲೇ ಫ್ಯಾನ್ ಗೊರ್ ಅಂದರೆ, ಫಾರ್ಮ್ಯಾಟ್ ಹೊಡೆಸುವ ಮೊದಲು

ಬ್ರೌಸರ್ ಒತ್ತಿದ ಕ್ಷಣವೇ ಫ್ಯಾನ್ ಜೋರಾಗಿ, ಮೌಸ್ ತಡವರಿಸಿ, ಬಿಳಿ ಪುಟ ಬಿಳಿಯಾಗಿಯೇ ನಿಂತರೆ ನಮ್ಮ ಕಡೆ ಎಲ್ಲರ ಬಾಯಲ್ಲಿ ಬರುವ ಮಾತು ಒಂದೇ: “ಅಕ್ಕಾರ, ಫಾರ್ಮ್ಯಾಟ್ ಹೊಡದ ಬಿಡ್ರಿ.” ನಾನು ಬಾಗಲಕೋಟೆ ಜಿಲ್ಲೆಯ ನೇಕಾರರ ಊರು ಬನಹಟ್ಟಿಯಲ್ಲಿ ಆನ್‌ಲೈನ್ ಸೆಂಟರ್ ನಡೆಸುತ್ತೇನೆ. ಹೊಲದ ಉತಾರ (ಪಹಣಿ), ಜಾತಿ-ಆದಾಯದ ಸರ್ಟಿಫಿಕೇಟ್, ನೌಕರಿ ಅರ್ಜಿ, ಝೆರಾಕ್ಸ್ ಇವು ದಿನದ ಕೆಲಸ. ಜೊತೆಗೆ ರಬಕವಿ, ತೇರದಾಳ, ಮಹಾಲಿಂಗಪುರದ ಅಂಗಡಿಕಾರರ ಕಂಪ್ಯೂಟರ್ ಕೆಟ್ಟರೆ ಅದನ್ನೂ ನೋಡುತ್ತೇನೆ. ಫಾರ್ಮ್ಯಾಟ್ ಬೇಡ ಅಂತ ನಾನು ಹಟ ಹಿಡಿಯಲು ಎರಡು ಕಾರಣ ಇವೆ. ಉಳಿಸಿಟ್ಟ ಪಾಸ್‌ವರ್ಡು, ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್, ಪ್ರಿಂಟರ್, ಹೆಬ್ಬೆಟ್ಟಿನ ಮಷಿನ್ನಿನ ಡ್ರೈವರ್ ಎಲ್ಲ ಹೋಗಿ, ಅವನ್ನು ಮತ್ತೆ ಕೂಡಿಸುವತನಕ ಅಂಗಡಿ ಬಾಗಿಲು ಹಾಕಿದ ಹಾಗೆಯೇ. ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದು ಕಟ್ಟೆಯ ಮೇಲೆ ಕೂತ ಹಿರಿಯರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಇನ್ನೊಂದು ಕಾರಣ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಫಾರ್ಮ್ಯಾಟ್ ಆದ ಮೇಲೆ ನೀವು ಕ್ರೋಮಿನಲ್ಲಿ ಮತ್ತೆ ಅದೇ ಗೂಗಲ್ ಅಕೌಂಟಿಗೆ ಸೈನ್ ಇನ್ ಆಗಿ ಸಿಂಕ್ ಆನ್ ಮಾಡುತ್ತೀರಿ. ಹಳೆಯ ಎಕ್ಸ್‌ಟೆನ್ಷನ್‌ಗಳು (ಬ್ರೌಸರಿಗೆ ಮೇಲಿಂದ ಸೇರಿಸಿದ ಸಣ್ಣ ಸಲಕರಣೆಗಳು), ಹಳೆಯ ಸೆಟಿಂಗ್‌ಗಳು ಸಿಂಕ್ ಜೊತೆ ಮರಳಿ ಬರುತ್ತವೆ. ತೊಂದರೆ ಅಲ್ಲಿದ್ದರೆ ಅದೂ ಮರಳಿ ಬರುತ್ತದೆ.

ಹಾಗಾಗಿ ಯಾವುದನ್ನೂ ಅಳಿಸುವ ಮೊದಲು ಪ್ರೊಸೆಸರನ್ನು ತಿನ್ನುತ್ತಿರುವುದು ಯಾವುದು ಅಂತ ಹೆಸರು ಹಿಡಿದು ಪತ್ತೆ ಮಾಡಿ. ವಿಂಡೋಸಿನಲ್ಲೂ ಬ್ರೌಸರಿನಲ್ಲೂ ಅದಕ್ಕೆ ಬೇಕಾದ ಸಲಕರಣೆ ಮೊದಲೇ ಇದೆ. ಬೇರೆ ಯಾವ ಸಾಫ್ಟ್‌ವೇರೂ ಹಾಕಬೇಕಿಲ್ಲ. “ಪಿಸಿ ಕ್ಲೀನರ್”, “ಸ್ಪೀಡ್ ಬೂಸ್ಟರ್” ಅಂತ ಜಾಹೀರಾತಿನಲ್ಲಿ ಬರುವುದನ್ನಂತೂ ಹಾಕಲೇಬೇಡಿ. ಅವು ತಾವೇ ಸ್ಟಾರ್ಟಪ್ಪಿನಲ್ಲಿ ಕೂತು ಇನ್ನಷ್ಟು ಭಾರವಾಗುತ್ತವೆ.

ಬ್ರೌಸರ್ ತೆರೆಯುವ ಮುಂಚೆ

ಮೊದಲು ಕಂಪ್ಯೂಟರಿಗೆ ರಿಸ್ಟಾರ್ಟ್ ಕೊಡಿ. ಶಟ್‌ಡೌನ್ ಮಾಡಿ ಚಾಲೂ ಮಾಡಿದರೆ ಸಾಲದು. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸಿನ ಒಳಭಾಗ ಡಿಸ್ಕಿನಲ್ಲಿ ಉಳಿದು, ಮರುದಿನ ಇದ್ದ ಸ್ಥಿತಿಯಲ್ಲೇ ಎದ್ದು ಬರುತ್ತದೆ. ರಿಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ.

ಎದ್ದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸಿಪಿಯು (ಅಂದರೆ ಪ್ರೊಸೆಸರ್) ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ತಿನ್ನುವುದು ಮೇಲಕ್ಕೆ ಬರುತ್ತದೆ. ಬ್ರೌಸರ್ ತೆರೆಯದೆ ಸುಮ್ಮನೆ ಎರಡು-ಮೂರು ನಿಮಿಷ ನೋಡಿ. ಈ ನೋಡುವುದನ್ನೇ ಬಹಳ ಮಂದಿ ಮಾಡುವುದಿಲ್ಲ, ಆದರೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ತೇರದಾಳದ ಸೀರೆ ಅಂಗಡಿಯ ಕಾಕಾ ಒಬ್ಬರು ಫೋನ್ ಮಾಡಿದ್ದರು.

“ಅಕ್ಕಾರ, ಕ್ರೋಮ್ ತಗದ್ರ ಸಾಕು, ಮಷಿನ್ ಮುಂದಕ್ಕ ಹೋಗವಲ್ದು.”

“ಕಾಕಾರ, ಮೊದಲ ಕ್ರೋಮ್ ಮುಚ್ಚರಿ. ಈಗ ಸಿಪಿಯು ಎಷ್ಟ ತೋರಸಾಕತ್ತೈತಿ?”

“ಎಂಬತ್ತರ ಮ್ಯಾಲ ಐತಿ.”

“ಕ್ರೋಮ್ ಮುಚ್ಚೀರಿಲ್ಲೋ?”

“ಮುಚ್ಚೇನ್ರೀ.”

“ಹಂಗಿದ್ರ ಅದು ಕ್ರೋಮಿನ ಕಾಟ ಅಲ್ರೀ. ಮ್ಯಾಲಿನ ಸಾಲಿನ್ಯಾಗ ಏನ್ ಹೆಸರೈತಿ, ಓದ್ರಿ.”

ಅವರ ಕಂಪ್ಯೂಟರಿನಲ್ಲಿ ಎರಡು ಆಂಟಿವೈರಸ್ ಕೂತಿದ್ದವು. ಒಂದು ಕೊಂಡದ್ದು, ಇನ್ನೊಂದು ಮತ್ತೇನೋ ಇಳಿಸುವಾಗ ಜೊತೆಗೆ ಬಂದದ್ದು. ಯಾವ ಫೈಲ್ ತೆರೆದರೂ ಎರಡೂ ಅದನ್ನು ತಡೆದು ಪರೀಕ್ಷೆ ಮಾಡುತ್ತಿದ್ದವು. ಬ್ರೌಸರ್ ಶುರುವಾಗುವಾಗ ಬಹಳಷ್ಟು ಸಣ್ಣ ಫೈಲ್ ಓದುತ್ತದೆ, ಅದಕ್ಕೇ ಕ್ರೋಮ್ ತೆರೆದಾಗ ತೊಂದರೆ ಎದ್ದು ಕಾಣುತ್ತಿತ್ತು. ಒಂದನ್ನು ತೆಗೆಸಿದ ಮೇಲೆ ಮಷಿನ್ ಹಗುರಾಯಿತು.

ಮೇಲಿನ ಸಾಲಿನಲ್ಲಿ “ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್” ಇದ್ದರೆ ಅದು ವಿಂಡೋಸಿನದೇ ಡಿಫೆಂಡರ್; ಅದನ್ನು ಕೊಲ್ಲಬೇಡಿ, ಮುಗಿಸಲು ಬಿಡಿ. “ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್” ಇದ್ದರೆ ಅಪ್‌ಡೇಟ್ ನಡೆದಿದೆ, ಅದಕ್ಕೂ ಸಮಯ ಕೊಡಿ. ಇವು ಬಿಟ್ಟು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟಕ್ಕೆ ಹೋಗಿ, ಬೆಳಿಗ್ಗೆ ತಾವಾಗಿ ಏಳುವ ಬೇಡದವುಗಳನ್ನು ಡಿಸೇಬಲ್ ಮಾಡಿ. ನಮ್ಮಂಥ ಸೆಂಟರಿನವರಿಗೆ ಒಂದು ಎಚ್ಚರಿಕೆ: ಹೆಬ್ಬೆಟ್ಟಿನ ಮಷಿನ್ನಿನ ಆರ್‌ಡಿ ಸರ್ವಿಸ್ (ಆಧಾರ್ ಹೆಬ್ಬೆಟ್ಟಿಗೆ ಬೇಕಾದ ಸಾಫ್ಟ್‌ವೇರ್) ಮತ್ತು ಪ್ರಿಂಟರಿಗೆ ಸೇರಿದ್ದನ್ನು ಮುಟ್ಟಬೇಡಿ.

ಅಂಕಿ ಓದುವ ರೀತಿ

ಬ್ರೌಸರ್ ಮುಚ್ಚಿದ್ದಾಗ ಸಿಪಿಯು ಕೆಳಗೆ ಇಳಿದು ನಿಂತಿದೆ ಅಂದುಕೊಳ್ಳೋಣ. ಈಗ ಬ್ರೌಸರ್ ತೆರೆಯಿರಿ. ಮೊದಲ ಅರ್ಧ ನಿಮಿಷ ಅಂಕಿ 80, 90ಕ್ಕೆ ಏರಿದರೆ ಗಾಬರಿ ಬೇಡ. ಎಕ್ಸ್‌ಟೆನ್ಷನ್‌ಗಳು ಏಳುತ್ತವೆ, ಪುಟಗಳು ಬಿಚ್ಚಿಕೊಳ್ಳುತ್ತವೆ, ಅಪ್‌ಡೇಟ್ ಇದೆಯೇ ಅಂತ ತಪಾಸಣೆ ನಡೆಯುತ್ತದೆ. ಏರಿ ಇಳಿಯುವುದು ಸಹಜ. ಏರಿ ನಿಲ್ಲುವುದು ತೊಂದರೆ. ಹಳೆಯ ಹಾರ್ಡ್ ಡಿಸ್ಕಿನ ಕಂಪ್ಯೂಟರಿಗೆ ಎರಡು-ಮೂರು ನಿಮಿಷ ಕೊಡಿ. ಆಮೇಲೂ ಇಳಿಯದಿದ್ದರೆ ಹುಡುಕಲು ಕಾರಣ ಇದೆ.

ಇನ್ನೊಂದು ಸೂಕ್ಷ್ಮ ಇದೆ. ವಿಂಡೋಸ್ ತೋರಿಸುವ ಶೇಕಡಾ ಇಡೀ ಪ್ರೊಸೆಸರಿನ ಲೆಕ್ಕ. ನಾಲ್ಕು ಲಾಜಿಕಲ್ ಪ್ರೊಸೆಸರ್ (ಒಟ್ಟೊಟ್ಟಿಗೆ ಕೆಲಸ ಮಾಡುವ ಭಾಗಗಳು) ಇರುವ ಕಂಪ್ಯೂಟರಿನಲ್ಲಿ ಒಂದು ಪೂರ್ತಿ ಸಿಕ್ಕಿಬಿದ್ದರೂ ಅಂಕಿ 25ರ ಆಸುಪಾಸೇ ಕಾಣುತ್ತದೆ. ನಮ್ಮ ಓಣಿಯ ಭಾಷೆಯಲ್ಲಿ ಹೇಳುವುದಾದರೆ, ನಾಲ್ಕು ಮಗ್ಗದ ಶೆಡ್ಡಿನಲ್ಲಿ ಮೂರು ಸುಮ್ಮನೆ ನಿಂತು ಒಂದೇ ಮಗ್ಗ ಬಿಡುವಿಲ್ಲದೆ ಓಡಿದ ಹಾಗೆ. ಹಾಗಾಗಿ “25 ಅಷ್ಟ ಐತ್ರಿ, ಅದೇನ್ ಹೆಚ್ಚಲ್ಲ” ಅನ್ನಬೇಡಿ. ಅಂಕಿ ಅಲುಗಾಡದೆ 25ಕ್ಕೇ ಅಂಟಿ ನಿಂತಿದ್ದರೆ, ಯಾವುದೋ ಒಂದು ಪುಟವೋ ಎಕ್ಸ್‌ಟೆನ್ಷನ್ನೋ ಮುಗಿಯದ ಸುತ್ತಿನಲ್ಲಿ ಸಿಕ್ಕಿದೆ ಅಂತ ಅನುಮಾನ ಪಡಿ. ಎರಡೇ ಇರುವ ಹಳೆಯ ಮಷಿನ್ನಿನಲ್ಲಿ ಅದೇ ತೊಂದರೆ 50 ಅಂತ ಕಾಣುತ್ತದೆ. ನಿಮ್ಮದರಲ್ಲಿ ಎಷ್ಟಿವೆ ಅಂತ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲೇ ಬರೆದಿರುತ್ತದೆ.

ಪಟ್ಟಿಯಲ್ಲಿ ಕ್ರೋಮ್ ಹೆಸರು ಹತ್ತು-ಹದಿನೈದು ಸಲ ಕಂಡು ವೈರಸ್ ಅಂತ ಹೆದರುವವರಿದ್ದಾರೆ. ಅದು ವೈರಸ್ ಅಲ್ಲ. ಒಂದು ಪುಟ ಕೆಟ್ಟರೆ ಉಳಿದದ್ದು ಬೀಳಬಾರದು ಅಂತ 2008ರಲ್ಲಿ ಬಂದಾಗಿನಿಂದಲೇ ಕ್ರೋಮ್ ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರೊಸೆಸ್ ಆಗಿ ನಡೆಸುತ್ತದೆ. ಎಡ್ಜ್, ಫೈರ್‌ಫಾಕ್ಸ್ ಕೂಡ ಈಗ ಹಾಗೆಯೇ. ಈ ವಿಂಗಡಣೆ ಇರುವುದರಿಂದಲೇ ನಮಗೆ ಕಳ್ಳನನ್ನು ಹಿಡಿಯಲು ಸಾಧ್ಯ.

ಬ್ರೌಸರಿನ ಒಳಗಿನ ಟಾಸ್ಕ್ ಮ್ಯಾನೇಜರ್

ಕ್ರೋಮಿನಲ್ಲಿ ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಿ. ಇಲ್ಲವೇ ಬಲಗಡೆಯ ಮೂರು ಚುಕ್ಕೆ, ಮೋರ್ ಟೂಲ್ಸ್, ಟಾಸ್ಕ್ ಮ್ಯಾನೇಜರ್ ಅಂತ ಹೋಗಿ. ಎಡ್ಜಿನಲ್ಲೂ ಇಂಥದ್ದೇ ಇದೆ. ಫೈರ್‌ಫಾಕ್ಸಿನಲ್ಲಿ ಮೂರು ಗೆರೆಯ ಮೆನು, ಮೋರ್ ಟೂಲ್ಸ್, ಟಾಸ್ಕ್ ಮ್ಯಾನೇಜರ್. ವಿಂಡೋಸಿನ ಪಟ್ಟಿ ಬರೀ “ಕ್ರೋಮ್” ಅಂತ ಹೇಳುತ್ತದೆ. ಈ ಒಳಗಿನ ಪಟ್ಟಿ ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಷನ್ ಅಂತ ಹೆಸರು ಹಿಡಿದು ಹೇಳುತ್ತದೆ. ಎರಡೂ ಕಡೆಯ ಅಂಕಿ ಒಂದಕ್ಕೊಂದು ತಾಳೆಯಾಗಬೇಕೆಂದೇನಿಲ್ಲ. ಇಲ್ಲಿ ಯಾರು ಮೇಲಿದ್ದಾರೆ ಅನ್ನುವುದನ್ನಷ್ಟೇ ನೋಡಿ. ಸಿಪಿಯು ತಲೆಬರಹ ಒತ್ತಿ, ಮೇಲಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಬ್ರೌಸರ್ ಮುಚ್ಚಿ ತೆರೆದು ಮತ್ತೊಮ್ಮೆ ನೋಡಿ. ಅದೇ ಹೆಸರು ಮತ್ತೆ ಬಂದರೆ ಮುಂದಿನ ದಾರಿ ಆ ಹೆಸರಿನ ಮೇಲೆ ನಿಲ್ಲುತ್ತದೆ.

ಮೇಲೆ ಬಂದದ್ದು “ಟ್ಯಾಬ್” ಅಂತಿದ್ದರೆ, ನಿನ್ನೆಯ ಪುಟಗಳು ಇವತ್ತು ತಾವಾಗಿ ತೆರೆಯುತ್ತಿವೆ. ಸೆಟಿಂಗ್ಸಿನ “ಆನ್ ಸ್ಟಾರ್ಟಪ್” ಎಂಬಲ್ಲಿ “ಕಂಟಿನ್ಯೂ ವೇರ್ ಯು ಲೆಫ್ಟ್ ಆಫ್” ಆಯ್ಕೆಯಾಗಿದ್ದರೆ ಅದನ್ನು “ಓಪನ್ ದ ನ್ಯೂ ಟ್ಯಾಬ್ ಪೇಜ್”ಗೆ ಬದಲಿಸಿ. ಸೆಂಟರಿನ ಕಂಪ್ಯೂಟರಿಗಂತೂ ಇದೇ ಸರಿ. ಉತಾರದ ಪುಟ, ಸೇವಾ ಸಿಂಧು, ಬ್ಯಾಂಕಿನ ಪುಟ ಇವೆಲ್ಲ ರಾತ್ರಿ ಕಳೆಯುವಷ್ಟರಲ್ಲಿ ಲಾಗೌಟ್ ಆಗಿರುತ್ತವೆ, ಬೆಳಿಗ್ಗೆ ತೆರೆದುಕೊಂಡು ಉಪಯೋಗವಿಲ್ಲ. ಬೇಕಾದ ಪುಟಗಳನ್ನು ಬುಕ್‌ಮಾರ್ಕ್ ಪಟ್ಟಿಯಲ್ಲಿ ಇಡಿ. ಸುದ್ದಿ ಪತ್ರಿಕೆಯ ಪುಟವನ್ನೋ, ಕ್ರಿಕೆಟ್ ಸ್ಕೋರಿನ ಪುಟವನ್ನೋ ಮೊದಲ ಪುಟವಾಗಿ ಇಟ್ಟುಕೊಂಡಿದ್ದರೆ ಅದನ್ನೂ ತೆಗೆಯಿರಿ. ತಾನಾಗಿ ಓಡುವ ವಿಡಿಯೋ, ಕುಣಿಯುವ ಜಾಹೀರಾತು ಇರುವ ಪುಟ ಒಂದೇ ಸಾಕು, ಸಾದಾ ಪ್ರೊಸೆಸರನ್ನು ಬಳಲಿಸಲು.

ನಮ್ಮಲ್ಲಿ ಇದಕ್ಕೆ ಇನ್ನೊಂದು ಮೂಲ ಕರೆಂಟು. ಯುಪಿಎಸ್ ಬ್ಯಾಟರಿ ಸೋತ ಅಂಗಡಿಯಲ್ಲಿ ಕರೆಂಟ್ ಹೋದರೆ ಬ್ರೌಸರ್ ಸರಿಯಾಗಿ ಮುಚ್ಚುವುದೇ ಇಲ್ಲ. ಮತ್ತೆ ತೆರೆದಾಗ “ರಿಸ್ಟೋರ್ ಪೇಜಸ್” ಅಂತ ಕೇಳುತ್ತದೆ, ಅವಸರದಲ್ಲಿ ಎಲ್ಲರೂ ಒತ್ತುತ್ತಾರೆ, ಮೂವತ್ತು ಟ್ಯಾಬ್ ಒಮ್ಮೆಗೇ ಏಳಲು ಶುರು. ಅದನ್ನು ಒತ್ತದೆ ಮುಚ್ಚಿಬಿಡಿ. ಬೇಕಾದ ಒಂದೆರಡು ಪುಟವನ್ನು ಕಂಟ್ರೋಲ್ ಜೊತೆ ಎಚ್ ಒತ್ತಿ ಹಿಸ್ಟರಿಯಿಂದ ತೆರೆದರಾಯಿತು. ಈ ವಿಷಯದಲ್ಲಿ ಫೈರ್‌ಫಾಕ್ಸ್ ನನಗೆ ಇಷ್ಟ: ಹಳೆಯ ಟ್ಯಾಬ್‌ಗಳನ್ನು ಮರಳಿ ತಂದರೂ ನೀವು ಮುಟ್ಟುವತನಕ ಅವನ್ನು ಲೋಡ್ ಮಾಡುವುದಿಲ್ಲ. ಪಿನ್ ಮಾಡಿದ ಟ್ಯಾಬ್‌ಗಳು ಮಾತ್ರ ಮೊದಲೇ ಏಳುತ್ತವೆ, ಹಾಗಾಗಿ ಪಿನ್ ಕಡಿಮೆ ಇರಲಿ.

ಎಕ್ಸ್‌ಟೆನ್ಷನ್ ಹೆಸರು ಮೇಲೆ ಬಂದರೆ

ನನ್ನ ಮುಂದೆ ಬರುವ ಕಂಪ್ಯೂಟರ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಪಿಡಿಎಫ್ ಜೋಡಿಸಲು ಒಂದು, ಫೋಟೋದ ಸೈಜ್ ಇಳಿಸಲು ಒಂದು, ವಿಡಿಯೋ ಇಳಿಸಲು ಒಂದು, ಕೂಪನ್ ತೋರಿಸಲು ಒಂದು ಅಂತ ಅಂಗಡಿಯ ಕ್ರೋಮಿನಲ್ಲಿ ಎಕ್ಸ್‌ಟೆನ್ಷನ್‌ಗಳು ತುಂಬಿರುತ್ತವೆ. ಯಾರು ಹಾಕಿದರು ಅಂತ ಮಾಲೀಕರಿಗೇ ಗೊತ್ತಿರುವುದಿಲ್ಲ. ಒಂದೊಂದೂ ಬ್ರೌಸರ್ ಜೊತೆ ಎದ್ದು ತನ್ನ ಕೆಲಸ ಶುರುಮಾಡುತ್ತದೆ. ಜಾಹೀರಾತು ತಡೆಯುವ ಒಳ್ಳೆಯ ಎಕ್ಸ್‌ಟೆನ್ಷನ್ ಕೂಡ ಶುರುವಿನಲ್ಲಿ ತನ್ನ ದೊಡ್ಡ ಪಟ್ಟಿಯನ್ನು ಸಿದ್ಧಮಾಡಿಕೊಳ್ಳಲು ಒಂದಷ್ಟು ಪ್ರೊಸೆಸರ್ ಬಳಸಿ ಆಮೇಲೆ ಸುಮ್ಮನಾಗುತ್ತದೆ, ಅದಕ್ಕೆ ತಕರಾರಿಲ್ಲ. ಅಂಥವು ಎರಡು ಇದ್ದರೆ ಒಂದನ್ನು ತೆಗೆಯಿರಿ.

ಎಕ್ಸ್‌ಟೆನ್ಷನ್ ಮೇಲೇ ಅನುಮಾನವಿದ್ದು ಹೆಸರು ಸ್ಪಷ್ಟವಿಲ್ಲದಿದ್ದರೆ ಅರ್ಧರ್ಧ ಮಾಡಿ ಹುಡುಕಿ. ಎಕ್ಸ್‌ಟೆನ್ಷನ್ ಪುಟದಲ್ಲಿ ಎಲ್ಲವನ್ನೂ ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ. ಹಗುರಾಯಿತೇ? ಹಾಗಾದರೆ ಅರ್ಧವನ್ನು ಆನ್ ಮಾಡಿ ಮತ್ತೆ ತೆರೆಯಿರಿ. ಭಾರ ಬಂದರೆ ತೊಂದರೆ ಈ ಅರ್ಧದಲ್ಲಿದೆ, ಬಾರದಿದ್ದರೆ ಆ ಅರ್ಧದಲ್ಲಿ. ಎಂಟು ಎಕ್ಸ್‌ಟೆನ್ಷನ್ ಇದ್ದರೆ ಮೂರು ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. ಇನ್‌ಕಾಗ್ನಿಟೋದಲ್ಲಿ ತೆರೆದು ನೋಡಿ ಅಂತ ಕೆಲವರು ಹೇಳುತ್ತಾರೆ. ಅಲ್ಲಿ ಎಕ್ಸ್‌ಟೆನ್ಷನ್‌ಗಳು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ ನಿಜ, ಆದರೆ ಹಿಂದೆ ಸಾದಾ ವಿಂಡೋ ತೆರೆದೇ ಇದ್ದರೆ ಆ ಪರೀಕ್ಷೆಗೆ ಅರ್ಥವಿಲ್ಲ. ಫೈರ್‌ಫಾಕ್ಸ್ ಬಳಸುವವರಿಗೆ ಇನ್ನೂ ಸುಲಭ: ಶಿಫ್ಟ್ ಕೀಲಿ ಹಿಡಿದುಕೊಂಡೇ ಫೈರ್‌ಫಾಕ್ಸ್ ತೆರೆದರೆ ಟ್ರಬಲ್‌ಶೂಟ್ ಮೋಡ್ ಕೇಳುತ್ತದೆ. ಅದರಲ್ಲಿ ಎಕ್ಸ್‌ಟೆನ್ಷನ್, ಥೀಮ್ ಎಲ್ಲ ಆಫ್ ಆಗಿರುತ್ತವೆ, ಯಾವುದೂ ಅಳಿಸಿಹೋಗುವುದಿಲ್ಲ.

ತೆಗೆಯಲು ಹೋದರೆ ತೆಗೆಯಲಾಗದ ಎಕ್ಸ್‌ಟೆನ್ಷನ್, ಮನೆಯ ಕಂಪ್ಯೂಟರಿನಲ್ಲಿ “ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್” ಎಂಬ ಸಾಲು, ನೀವು ಇಡದ ಹುಡುಕುಪುಟ ಇವು ಕಂಡರೆ ಬೇಡದ ಸಾಫ್ಟ್‌ವೇರ್ ಒಳಹೊಕ್ಕಿರಬಹುದು. ಕೆಲವು ಆಂಟಿವೈರಸ್‌ಗಳೂ ಆ ಸಾಲು ತರುತ್ತವೆ, ಹಾಗಾಗಿ ಅದೊಂದನ್ನೇ ಕಂಡು ತೀರ್ಮಾನಿಸಬೇಡಿ. ಡೆಸ್ಕ್‌ಟಾಪಿನ ಕ್ರೋಮ್ ಶಾರ್ಟ್‌ಕಟ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸಿನ ಟಾರ್ಗೆಟ್ ಸಾಲು ನೋಡಿ. ಅದರ ಬಾಲಕ್ಕೆ ಯಾವುದಾದರೂ ವೆಬ್‌ಸೈಟ್ ವಿಳಾಸ ಅಂಟಿಕೊಂಡಿದ್ದರೆ ಅಳಿಸಿ. ಆಮೇಲೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸಿನಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ತಾನೇ ರಿಸ್ಟಾರ್ಟ್ ಆಗಿ ವಿಂಡೋಸ್ ಏಳುವ ಮುಂಚೆ ತಪಾಸಣೆ ಮಾಡುತ್ತದೆ, ಆದ್ದರಿಂದ ತೆರೆದ ಕೆಲಸ ಸೇವ್ ಮಾಡಿಕೊಳ್ಳಿ.

ಜಿಪಿಯು ಪ್ರೊಸೆಸ್ ಮೇಲೆ ಇದ್ದರೆ

ಜಿಪಿಯು ಅಂದರೆ ಪರದೆಯ ಮೇಲೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್. ಇದು ಫಾರ್ಮ್ಯಾಟ್ ಹೊಡೆಸಿದವರಿಗೇ ಹೆಚ್ಚು ಬರುವ ತೊಂದರೆ. ವಿಂಡೋಸ್ ಹೊಸದಾಗಿ ಹಾಕಿದವರು ಗ್ರಾಫಿಕ್ಸ್ ಡ್ರೈವರ್ ಹಾಕುವುದನ್ನು ಬಿಟ್ಟಿರುತ್ತಾರೆ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. ಅಲ್ಲಿ “ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್” ಅಂತ ಇದ್ದರೆ, ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಪ್ರೊಸೆಸರೇ ಹೊರುತ್ತಿದೆ. ವಿಂಡೋಸ್ ಅಪ್‌ಡೇಟಿನಿಂದ ಅಥವಾ ಕಂಪ್ಯೂಟರ್ ತಯಾರಕರ ವೆಬ್‌ಸೈಟಿನಿಂದ ಸರಿಯಾದ ಡ್ರೈವರ್ ಹಾಕಿ. ಡ್ರೈವರ್ ಸರಿಯಿದ್ದೂ ಜಿಪಿಯು ಸಾಲು ಇಳಿಯದಿದ್ದರೆ ಕ್ರೋಮ್ ಸೆಟಿಂಗ್ಸಿನ ಸಿಸ್ಟಮ್ ಪುಟದಲ್ಲಿ ಗ್ರಾಫಿಕ್ಸ್ ಆಕ್ಸಲರೇಷನ್ ಆಯ್ಕೆಯನ್ನು ಈಗಿರುವುದಕ್ಕೆ ಉಲ್ಟಾ ಮಾಡಿ, ರಿಲಾಂಚ್ ಒತ್ತಿ ನೋಡಿ. ಉಪಯೋಗವಾಗದಿದ್ದರೆ ಮೊದಲಿದ್ದಂತೆಯೇ ಇಟ್ಟುಬಿಡಿ.

ಅದೇ ಸಿಸ್ಟಮ್ ಪುಟದಲ್ಲಿ, ಕ್ರೋಮ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡಲು ಬಿಡುವ ಆಯ್ಕೆ ಇದೆ, ಆಫ್ ಮಾಡಿ. ಎಡ್ಜಿನಲ್ಲಿ ಇದರ ಜೊತೆ ಸ್ಟಾರ್ಟಪ್ ಬೂಸ್ಟ್ ಎಂಬುದೂ ಇರುತ್ತದೆ. ನೀವು ಎಡ್ಜ್ ಬಳಸುವುದೇ ಇಲ್ಲವಾದರೆ ಅದು ಬೆಳಿಗ್ಗೆ ತಾನಾಗಿ ಎದ್ದು ಕೂರಬೇಕಾಗಿಲ್ಲ.

ಡಿಸ್ಕು, ರ‍್ಯಾಮು, ಮತ್ತು ಬನಹಟ್ಟಿಯ ಹತ್ತಿ

ಸಿಪಿಯು ನೋಡುವಾಗಲೇ ಪಕ್ಕದ ಡಿಸ್ಕ್ ಸಾಲನ್ನೂ ನೋಡಿ. ಸಿಪಿಯು 40, ಡಿಸ್ಕ್ 100 ಇದ್ದರೆ ಬ್ರೌಸರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಸಾಮಾನ್ಯವಾಗಿ 4 ಜಿಬಿ ರ‍್ಯಾಮ್ ತುಂಬಿ, ವಿಂಡೋಸ್ ತಿರುಗುವ ಹಾರ್ಡ್ ಡಿಸ್ಕನ್ನೇ ರ‍್ಯಾಮಿನ ಬದಲು ಬಳಸುತ್ತಿರುತ್ತದೆ. ಹಣ ಒಂದಕ್ಕೇ ಇದ್ದರೆ ಮೊದಲು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕು) ಹಾಕಿಸಿ, ಆಮೇಲೆ ರ‍್ಯಾಮ್. ಹಾಕಿಸುವತನಕ ಕ್ರೋಮಿನ ಪರ್ಫಾರ್ಮೆನ್ಸ್ ಪುಟದ ಮೆಮೊರಿ ಸೇವರ್ ಆನ್ ಇರಲಿ.

ಇನ್ನು ಬಿಸಿ. ಪರ್ಫಾರ್ಮೆನ್ಸ್ ಪುಟದಲ್ಲಿ “ಬೇಸ್ ಸ್ಪೀಡ್” 2.4 ಗಿಗಾಹರ್ಟ್ಸ್ ಅಂತಿದ್ದು, ಬ್ರೌಸರ್ ತೆರೆದಾಗ “ಸ್ಪೀಡ್” 0.8ರಲ್ಲೇ ನಿಂತು ಬಳಕೆ 100 ತೋರಿಸಿದರೆ, ಪ್ರೊಸೆಸರ್ ಬಿಸಿಗೋ ಕರೆಂಟಿನ ಕೊರತೆಗೋ ತನ್ನನ್ನು ತಾನೇ ಕುಗ್ಗಿಸಿಕೊಂಡಿದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಅದರದೇ ಹೌದೋ ನೋಡಿ. ಬಾಗಲಕೋಟೆ, ವಿಜಯಪುರದ ಕಡೆ ಏಪ್ರಿಲ್-ಮೇನಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ದಾಟುತ್ತದೆ. ನಮ್ಮ ಊರಲ್ಲಿ ಅದರ ಮೇಲೆ ಮಗ್ಗದ ಹತ್ತಿ ಬೇರೆ. ಗಾಳಿಯಲ್ಲಿ ತೇಲುವ ಎಳೆಗಳು ಹೀಟ್‌ಸಿಂಕಿನ ಸಂದುಗಳಲ್ಲಿ ಕೂತು ಕಂಬಳಿಯಂತೆ ಮೆತ್ತಿಕೊಳ್ಳುತ್ತವೆ, ಗಾಳಿ ದಾಟುವುದೇ ಇಲ್ಲ. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗದಂತೆ ಹಿಡಿದು ಬ್ಲೋವರ್ ಹೊಡೆಯಿರಿ. ಮಗ್ಗದ ಓಣಿಯವರು ಮಳೆಗಾಲದ ಮುಂಚೆ ಒಮ್ಮೆ, ಬೇಸಿಗೆಯ ಮುಂಚೆ ಒಮ್ಮೆ ಇದನ್ನು ಮಾಡಲೇಬೇಕು. ವರ್ಷಗಳಾಗಿದ್ದರೆ ಥರ್ಮಲ್ ಪೇಸ್ಟನ್ನೂ ಬದಲಿಸಿ.

ವಿಂಡೋಸ್ 7 ಇಟ್ಟುಕೊಂಡವರಿಗೆ ಒಂದು ಮಾತು. ಅದರ ಮೇಲೆ ಓಡುವ ಕೊನೆಯ ಕ್ರೋಮ್ 109. 2023ರ ಫೆಬ್ರುವರಿಯಿಂದ ಈಚಿನ ಕ್ರೋಮ್ ಅದಕ್ಕೆ ಬರುವುದಿಲ್ಲ. ಸರಕಾರಿ ಪುಟಗಳಿಗೆ ಹೋಗುವ, ಜನರ ಆಧಾರ್ ನಂಬರ್ ಹೊಡೆಯುವ ಕಂಪ್ಯೂಟರಿನಲ್ಲಿ ಅಷ್ಟು ಹಳೆಯ ಬ್ರೌಸರ್ ಇರಬಾರದು.

ಯಾವುದಕ್ಕೂ ಬಗ್ಗದಿದ್ದರೆ

ಆಗ ಪ್ರೊಫೈಲ್, ಅಂದರೆ ಬ್ರೌಸರ್ ನಿಮ್ಮ ಸೆಟಿಂಗ್, ಬುಕ್‌ಮಾರ್ಕು, ಪಾಸ್‌ವರ್ಡು ಇಟ್ಟುಕೊಳ್ಳುವ ಜಾಗ, ಕೆಟ್ಟಿರಬಹುದು. ಪದೇ ಪದೇ ಕರೆಂಟ್ ಹೋದ ಕಂಪ್ಯೂಟರಿನಲ್ಲಿ ಇದು ಆಗುತ್ತದೆ. ಮೊದಲು ಬುಕ್‌ಮಾರ್ಕ್ ಮ್ಯಾನೇಜರಿನಿಂದ ಬುಕ್‌ಮಾರ್ಕ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ. ಪಾಸ್‌ವರ್ಡ್ ಮ್ಯಾನೇಜರಿನಿಂದ ಪಾಸ್‌ವರ್ಡ್‌ಗಳನ್ನೂ ಫೈಲಾಗಿ ಇಳಿಸಿಕೊಳ್ಳಬಹುದು, ಆದರೆ ಆ ಫೈಲನ್ನು ಯಾರು ತೆರೆದರೂ ಓದಬಹುದು. ಕೆಲಸ ಮುಗಿದ ಕೂಡಲೇ ಅಳಿಸಿ, ರಿಸೈಕಲ್ ಬಿನ್ನಿನಿಂದಲೂ ಅಳಿಸಿ. ಗಿರಾಕಿಗಳ ಪಾಸ್‌ವರ್ಡ್ ಅಂಗಡಿಯ ಬ್ರೌಸರಿನಲ್ಲಿ ಉಳಿದಿದ್ದರೆ ಇದೇ ಸಮಯಕ್ಕೆ ತೆಗೆದುಹಾಕಿ. ಇನ್ನು ಮುಂದೆ ಅವರ ಕೆಲಸಕ್ಕೆ ಗೆಸ್ಟ್ ವಿಂಡೋ ತೆರೆಯಿರಿ, ಅದು ಮುಚ್ಚಿದ ಮೇಲೆ ಹಿಸ್ಟರಿ, ಕುಕೀ, ಪಾಸ್‌ವರ್ಡು ಯಾವುದನ್ನೂ ಉಳಿಸಿಕೊಳ್ಳುವುದಿಲ್ಲ.

ಆಮೇಲೆ ಕ್ರೋಮಿನ ಬಲ ಮೂಲೆಯ ಪ್ರೊಫೈಲ್ ಚಿತ್ರ ಒತ್ತಿ ಹೊಸ ಪ್ರೊಫೈಲ್ ಮಾಡಿ, ಸೈನ್ ಇನ್ ಆಗದೆಯೇ ಒಂದು ದಿನ ಬಳಸಿ ನೋಡಿ. ಹಗುರವಾಗಿದ್ದರೆ ಕಾರಣ ಹಳೆಯ ಪ್ರೊಫೈಲಿನಲ್ಲೇ ಇದೆ. ಹಳೆಯದನ್ನೇ ಉಳಿಸಿಕೊಳ್ಳಬೇಕೆಂದರೆ ಸೆಟಿಂಗ್ಸಿನ ರಿಸೆಟ್ ಕೊಡಿ: ಎಕ್ಸ್‌ಟೆನ್ಷನ್‌ಗಳು ಆಫ್ ಆಗುತ್ತವೆ, ಕುಕೀಗಳು ಹೋಗುತ್ತವೆ, ಬುಕ್‌ಮಾರ್ಕು, ಹಿಸ್ಟರಿ, ಪಾಸ್‌ವರ್ಡು ಉಳಿಯುತ್ತವೆ. ಫೈರ್‌ಫಾಕ್ಸಿನಲ್ಲಿ ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಪುಟದಲ್ಲಿ “ರಿಫ್ರೆಶ್ ಫೈರ್‌ಫಾಕ್ಸ್” ಇದೆ. ಅದು ಎಕ್ಸ್‌ಟೆನ್ಷನ್‌ಗಳನ್ನು ತೆಗೆದು, ಬುಕ್‌ಮಾರ್ಕು ಪಾಸ್‌ವರ್ಡುಗಳನ್ನು ಹೊಸ ಪ್ರೊಫೈಲಿಗೆ ಸಾಗಿಸಿ, ಹಳೆಯದನ್ನು ಡೆಸ್ಕ್‌ಟಾಪಿನ ಮೇಲೆ ಒಂದು ಫೋಲ್ಡರಿನಲ್ಲಿ ಇಟ್ಟುಹೋಗುತ್ತದೆ.

ಹೊಸ ಪ್ರೊಫೈಲಿಗೆ ಸೈನ್ ಇನ್ ಆಗುವಾಗ ಸಿಂಕ್ ಸೆಟಿಂಗ್ಸಿನಲ್ಲಿ ಎಕ್ಸ್‌ಟೆನ್ಷನ್ಸ್ ಒಂದನ್ನು ಆಫ್ ಮಾಡಿ. ನಿಜವಾಗಿ ಬೇಕಾದ ಎಕ್ಸ್‌ಟೆನ್ಷನ್‌ಗಳನ್ನು ದಿನಕ್ಕೆ ಒಂದರಂತೆ ಹಾಕಿ, ಮರುದಿನ ಬೆಳಿಗ್ಗೆ ಟಾಸ್ಕ್ ಮ್ಯಾನೇಜರ್ ನೋಡಿ ಮುಂದಿನದನ್ನು ಸೇರಿಸಿ. ಹಳೆಯ ಪ್ರೊಫೈಲನ್ನು ಒಂದು ತಿಂಗಳು ಹಾಗೇ ಇಡಿ, ಬಿಟ್ಟುಹೋದ ಪಾಸ್‌ವರ್ಡ್ ಏನಾದರೂ ಬೇಕಾದರೆ ಅಲ್ಲೇ ಸಿಗುತ್ತದೆ. ಆಮೇಲೆ ಅಳಿಸಿ.